ಶೆಟ್ಟರು ಅಡ್ಡ ನಿಂತ ತಿರುವು

ಒಂದು ಕಡೆ ಮುನ್ನೂರು ಹುಣಸೆಮರದ ಒಂದು ವರ್ಷದ ಫಸಲು. ಇನ್ನೊಂದು ಕಡೆ ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡುವ ಒಂದು ಕಾರು. ಪಣ ಇಷ್ಟೇ. ಯಾವ ವರ್ಷ ಅಂತ ಕೇಳಬೇಡಿ, ಹೇಳುವವರಿಗೂ ಗೊತ್ತಿಲ್ಲ. ಬಹಳ ಹಿಂದೆ, ಬೇವಿನಕೆರೆ ಅನ್ನುವ ಊರಿಗೆ ಡಾಂಬರು ರಸ್ತೆ ಆಗಷ್ಟೇ ಬಂದಿತ್ತಂತೆ. ಜನ ಅದರ ಮೇಲೆ ಚಪ್ಪಲಿ ಕಳಚಿ ನಡೆಯುತ್ತಿದ್ದರಂತೆ. ಅಷ್ಟು ಹಳೆಯ ಮಾತು.

ಆಗ ಪೇಟೆಯಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟಿದ್ದವರು ಮುರಿಗೆಪ್ಪಶೆಟ್ಟರು. ಹಣ್ಣನ್ನು ಬೆರಳಲ್ಲಿ ಒತ್ತಿ ಬೀಜ ಎಷ್ಟು, ತಿರುಳು ಎಷ್ಟು ಅಂತ ಹೇಳಿಬಿಡುತ್ತಿದ್ದರಂತೆ. ಇಂಥ ಲೆಕ್ಕದ ಮನುಷ್ಯ ಎರಡೇ ಸೀಟಿನ ಕಾರು ಯಾಕೆ ತಂದರು, ಅದರಲ್ಲಿ ಒಂದು ಮೂಟೆಯೂ ಹಿಡಿಯುವುದಿಲ್ಲವಲ್ಲ, ಅಂತ ಪೇಟೆಯೆಲ್ಲ ತಲೆ ಕೆಡಿಸಿಕೊಂಡಿತು. ಅದರೊಳಗೆ ಮುನ್ನೂರು ಕುದುರೆ ಕಟ್ಟಿದ್ದಾರೆ ಅಂದರು ಕೆಲವರು. ಹುಲ್ಲು ಯಾವಾಗ ಹಾಕುತ್ತಾರೆ ಅಂತ ಮಂಡಿಯ ಮುಂದೆ ಕಾದು ಕೂತವರೂ ಇದ್ದರಂತೆ. ಶೆಟ್ಟರಿಗೆ ಇದ್ದದ್ದು ಒಂದೇ ಕುತೂಹಲ. ಇದು ಎಷ್ಟು ಜೋರಾಗಿ ಓಡೀತು?

ಆ ಕುತೂಹಲಕ್ಕೆ ಗಾಳ ಹಾಕಿದವನು ತೋಪಿನ ರಂಗಧಾಮ. ಅವನ ಹತ್ತಿರವೂ ಅಂಥದೇ ಕಾರು. ಪೇಟೆಯಿಂದ ಗುಡ್ಡದ ಪಾದಕ್ಕೆ ಹದಿನೆಂಟು ಮೈಲಿ, ನೀವು ಮೊದಲು ಮುಟ್ಟಿದರೆ ನನ್ನ ತೋಪಿನ ಫಸಲು ನಿಮ್ಮದು, ನಾನು ಮುಟ್ಟಿದರೆ ನಿಮ್ಮ ಕಾರು ನನ್ನದು ಅಂದ. ಶೆಟ್ಟರು ಅವನ ಅಂಗೈ ಮೇಲೆ ಅಂಗೈ ಇಟ್ಟರು.

ಮಾಲು ನೋಡದೆ ಬೆಲೆ ಕಟ್ಟುವವರಲ್ಲ ಅವರು. ಎತ್ತಿನಗಾಡಿಯಲ್ಲಿ ಹೋಗಿ ರಸ್ತೆಯನ್ನು ತಿರುವು ತಿರುವಾಗಿ ನೋಡಿ ಬಂದರು. ಗುಡಿಸಿಟ್ಟಂತೆ ಖಾಲಿ. ಬೇವಿನಕೆರೆಯ ಏರಿಯ ಪಕ್ಕದ ತಿರುವಿನಲ್ಲಿ ಒಂದು ನಾಯಿ ಮಲಗಿತ್ತು, ಅಷ್ಟೇ. ಆದರೆ ಅವರು ನೋಡಿದ್ದು ಸೋಮವಾರ, ಸಂತೆಯ ದಿನ. ಖರೀದಿಗೆಂದು ಅವರು ಆ ಕಡೆಯ ಸಂತೆಗೆ ಹೋಗುತ್ತಿದ್ದದ್ದೂ ಅದೊಂದೇ ದಿನ. ಅವತ್ತು ಹಳ್ಳಿಯವರೆಲ್ಲ ಸಂತೆಯಲ್ಲಿರುತ್ತಾರೆ. ಮಿಕ್ಕ ಆರು ದಿನ ಆ ರಸ್ತೆ ಹೇಗಿರುತ್ತದೆ ಅಂತ ಶೆಟ್ಟರು ಕಂಡೇ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಎರಡು ಕಾರೂ ಹೊರಟವು. ಶೆಟ್ಟರ ಕಾರು ಹೋದ ರಭಸಕ್ಕೆ ಬೇಲಿಯ ಮೇಲಿನ ಓತಿಕೇತ ಬಣ್ಣ ಬದಲಿಸುವುದನ್ನೇ ಮರೆಯಿತಂತೆ. ಹದಿನಾಲ್ಕು ಮೈಲಿ ಮುಗಿಯುವಷ್ಟರಲ್ಲಿ ರಂಗಧಾಮ ಮೂರು ಮೈಲಿ ಹಿಂದೆ. ಆಗ ಗಾಳಿಯಲ್ಲಿ ಹೊಟ್ಟು ಹಾರಿಬಂತು. ವ್ಯಾಪಾರದ ಮೂಗು, ಹುರುಳಿ ಹೊಟ್ಟು ಅಂತ ಗೊತ್ತಾಯಿತು. ಯಾಕೆ ಅಂತ ಯೋಚಿಸುವ ಮೊದಲೇ ಕಾಲು ಬ್ರೇಕಿನ ಮೇಲಿತ್ತು.

ತಿರುವು ದಾಟಿದರೆ ರಸ್ತೆಯೇ ಕಣ! ಉದ್ದಕ್ಕೂ ಹುರುಳಿ ಗಿಡ ಹಾಸಿದ್ದರು. ಲಾರಿಗಳು ಹತ್ತಿ ಹೋಗಲಿ, ಪುಕ್ಕಟೆ ಒಕ್ಕಣೆ ಆಗಲಿ ಅಂತ. ಹೆಂಗಸರು ಗಿಡ ತಿರುವಿ ಹಾಕುತ್ತಿದ್ದರು, ಮುದುಕರು ನಡುರಸ್ತೆಯಲ್ಲೇ ಕೂತು ಕಾಳು ಕೇರುತ್ತಿದ್ದರು. ಮೂಟೆ ಎಣಿಸಿದ ಕಣ್ಣು ತಾನಾಗಿ ಎಣಿಸಿತು. ಹನ್ನೊಂದು ಜನ.

ಸಣ್ಣೀರಮ್ಮ ಅನ್ನುವ ಹೆಂಗಸು ಕಾರನ್ನು ಮೇಲಿಂದ ಕೆಳಗೆ ನೋಡಿದಳು. “ಯಾಕ್ ನಿಂತ್ರಿ ಶೆಟ್ರೇ? ಹತ್ಸಿ, ಹತ್ಸಿ. ಭಾರ ಏನೂ ಇಲ್ಲ ನಿಮ್ ಗಾಡಿ, ನಾಕು ಸರ್ತಿ ಓಡಾಡ್ಸಿದ್ರೆ ಕಾಳು ಬಿಟ್ಟೀತು.”

ಹಿಂದೆ ಒಬ್ಬ ಜೋರಾಗಿ ಬರುತ್ತಿದ್ದಾನೆ, ಎದ್ದೇಳಿ ಅಂದರು ಶೆಟ್ಟರು.

“ಬರ್ಲಿ ಬಿಡಿ, ನಮ್ಗೆ ಇನ್ನೂ ಒಳ್ಳೇದು!” ಅಂತ ನಕ್ಕರು ಎಲ್ಲರೂ. ಅವರು ಅಲ್ಲಿಯತನಕ ಕಂಡಿದ್ದು ಬರೀ ಲಾರಿ. ಲಾರಿ ಊರಾಚೆಯಿಂದಲೇ ಏದುಸಿರು ಬಿಡುತ್ತ ಬರುತ್ತದೆ, ಎಲೆಯಡಿಕೆ ಮುಗಿಸಿ ಎದ್ದರೂ ಹೊತ್ತು ಮಿಕ್ಕುತ್ತದೆ. ಒಬ್ಬ ತಾತ ಏಳಲು ಹೊರಟು ಕೋಲು ಹುಡುಕತೊಡಗಿದ.

ಶೆಟ್ಟರು ಒಂದು ಹಿಡಿ ಹುರುಳಿ ತೆಗೆದು ಅಂಗೈಯಲ್ಲಿ ಉಜ್ಜಿದರು. ಗುಂಡು ಗುಂಡು, ನುಣುಪು. ಇದರ ಮೇಲೆ ಆ ವೇಗದ ಗಾಲಿ ನಿಲ್ಲುವುದಿಲ್ಲ. ತಾವು ಮೆಲ್ಲಗೆ ದಾಟಿದರೂ ಗೆಲುವು ತಮ್ಮದೇ, ಇನ್ನು ನಾಲ್ಕೇ ಮೈಲಿ. ತಿರುವಿಗೆ ಓಡಿ ಕೈಬೀಸೋಣವೆಂದರೆ ರಂಗಧಾಮ ಮೋಸವೆಂದುಕೊಂಡು ಇನ್ನೂ ವೇಗ ಏರಿಸುವ ಆಸಾಮಿ. ದೂರದಲ್ಲಿ ಅವನ ಕಾರಿನ ಸದ್ದು ಕೇಳಿಸಿತು.

ಶೆಟ್ಟರು ಕಾರು ಹತ್ತಿದರು. ಹಿಂದಕ್ಕೆ ಓಡಿಸಿ, ತಿರುವಿನ ಆಚೆ, ದೂರದಿಂದ ಕಾಣುವ ನೇರ ರಸ್ತೆಗೆ ಅಡ್ಡ ನಿಲ್ಲಿಸಿದರು. ಇಳಿದು ಕೆರೆಯ ಏರಿ ಹತ್ತಿ ನಿಂತರು.

ರಂಗಧಾಮನ ಬ್ರೇಕಿನ ಕೂಗು ಏಳು ಹಳ್ಳಿಗೆ ಕೇಳಿಸಿತಂತೆ. ಶೆಟ್ಟರ ಕಾರು ಏಟು ತಿಂದು ಕೆರೆಗೆ ಉರುಳಿತು. ರಂಗಧಾಮನ ಕಾರಿನ ಮೂತಿ ನಜ್ಜುಗುಜ್ಜು, ಅವನ ಎರಡು ಹಲ್ಲು ರಸ್ತೆಯ ಮೇಲೆ. ಎದ್ದವನೇ, ಪಣ ಇನ್ನೂ ಮುಗಿದಿಲ್ಲ ಅಂತ ಕುಂಟುತ್ತ ಗುಡ್ಡದ ಕಡೆ ನಡೆದ. ತಿರುವು ದಾಟಿ ಹುರುಳಿಯ ಮೇಲೆ ಕಾಲಿಟ್ಟ, ಜಾರಿ ಬಿದ್ದ. ಎದ್ದ, ಮತ್ತೆ ಬಿದ್ದ. ಬಿದ್ದಲ್ಲೇ ಕೂತು, ಕೋಲು ಸಿಗದೆ ಇನ್ನೂ ತಡಕಾಡುತ್ತಿದ್ದ ತಾತನನ್ನು ನೋಡಿದ. ಕೋಲು ಹುಡುಕಿ ತಾತನ ಕೈಗೆ ಕೊಟ್ಟನಂತೆ. ಆದರೂ ಗುಡ್ಡದ ತನಕ ನಡೆದೇ ಹೋದ, ಅವನೂ ವ್ಯಾಪಾರಿಯೇ.

ಸಂಜೆ ಶೆಟ್ಟರು ಬೀಗದ ಕೈ ಕೊಟ್ಟರು. “ತಗೋಳಪ್ಪ. ಕಾರು ಕೆರೇಲಿದೆ, ಸ್ವಲ್ಪ ನೆಂದಿದೆ.”

ಮುಂದೆ ಅವರು ಅಂಥದೇ ಇನ್ನೊಂದು ಕಾರು ತಂದರಂತೆ. ಓಡಿಸುವ ಆಸೆ ಬಂದಾಗ ಪಾಳುಬಿದ್ದ ವಿಮಾನದ ಮೈದಾನಕ್ಕೆ ಹೋಗಿ ಮನಸಾರೆ ಓಡಿಸುತ್ತಿದ್ದರಂತೆ. ಊರ ರಸ್ತೆಯಲ್ಲಿ ಮಾತ್ರ ಅವರ ಕಾರನ್ನು ಕೋಳಿಗಳು ದಾಟಿ ಮುಂದೆ ಹೋಗುತ್ತಿದ್ದವಂತೆ.

ಈಗಲೂ ಬೇವಿನಕೆರೆಯವರು ಹುರುಳಿ ಹಾಸುವ ಮೊದಲು ಒಂದು ಕೋಲಿಗೆ ಹಳೆ ಪಂಚೆ ಕಟ್ಟಿ ತಿರುವಿನ ಆಚೆ ನೆಡುತ್ತಾರೆ. ಅದಕ್ಕೆ ಶೆಟ್ಟರನ್ನ ನಿಲ್ಲಿಸೋದು ಅಂತಲೇ ಹೆಸರು. “ಶೆಟ್ರನ್ನ ನಿಲ್ಸಿದ್ರೇನ್ರೇ?” ಅಂತ ಒಬ್ಬರನ್ನೊಬ್ಬರು ಕೇಳದೆ ಯಾರೂ ರಸ್ತೆಗಿಳಿಯುವುದಿಲ್ಲ. ಭಾನುವಾರ ಪಟ್ಟಣದಿಂದ ಗುಡುಗುತ್ತ ಬರುವ ದುಬಾರಿ ಕಾರಿನವರಿಗೂ ವಿಷಯ ಗೊತ್ತು. ಪಂಚೆ ಕಂಡರೆ ಮುಂದಿನವನು ಇಳಿದು ತಿರುವಿನ ತನಕ ನಡೆದು ನೋಡಿ ಬರುತ್ತಾನೆ. ಆಮೇಲೆ ಅಷ್ಟೂ ಕಾರು ಮೆಲ್ಲಗೆ ಸಾಲಾಗಿ ದಾಟುತ್ತವೆ.

ಶೆಟ್ಟರ ವ್ಯಾಪಾರದಲ್ಲಿ ಅದೊಂದೇ ನಷ್ಟ ಅನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಹೋದದ್ದು ಒಂದು ಕಾರು, ಕೈಗೆ ಬರಬೇಕಿದ್ದ ಒಂದು ವರ್ಷದ ಹುಣಸೆಹಣ್ಣು. ಉಳಿದದ್ದು ರಸ್ತೆಯ ಮೇಲಿದ್ದ ಹನ್ನೊಂದು ಜನ, ರಂಗಧಾಮನನ್ನೂ ಸೇರಿಸಿದರೆ ಹನ್ನೆರಡು.