ಬಾಗಿಲು ಮುಚ್ಚಿದ ಮೈಟೋಕಾಂಡ್ರಿಯ

ಕೆರೆಯ ನೀರಿನಲ್ಲಿದ್ದ ಒಂದು ಏಕಕೋಶ ಜೀವಿಯೊಳಗೆ ಒಂದೇ ಒಂದು ಮೈಟೋಕಾಂಡ್ರಿಯ ಇತ್ತು. ಇಡೀ ಕೋಶಕ್ಕೆ ಬೇಕಾದ ಶಕ್ತಿಯನ್ನು ಅದೇ ತಯಾರಿಸುತ್ತಿತ್ತು. ಒಂದು ದಿನ ಅದು ಕೋಶಕೇಂದ್ರಕ್ಕೆ ಹೇಳಿತು: “ನಿನ್ನಂತೆ ನನಗೂ ಎರಡು ಪೊರೆಗಳಿವೆ, ನನ್ನದೇ ಡಿಎನ್ಎ ಇದೆ. ಇನ್ನು ನಿನ್ನ ಹಂಗು ನನಗೆ ಬೇಡ.”

ಕೋಶಕೇಂದ್ರದ ಸೂಚನೆಯಂತೆ ಮೈಟೋಕಾಂಡ್ರಿಯದ ಯಂತ್ರಗಳಿಗೆ ಬೇಕಾದ ಪ್ರೋಟೀನ್ ಕಟ್ಟಿಕೊಡುವ ರೈಬೋಸೋಮ್ ಅಂದೂ ಬಂದಿತು. “ಮೈಮೇಲೆ ಒಂದು ಪೊರೆಯೂ ಇಲ್ಲದ ನಿನ್ನಿಂದ ನಾನು ಏನನ್ನೂ ತೆಗೆದುಕೊಳ್ಳುವುದಿಲ್ಲ” ಎಂದು ಮೈಟೋಕಾಂಡ್ರಿಯ ಬಾಗಿಲು ಮುಚ್ಚಿತು. ರೈಬೋಸೋಮ್ ಹಿಂದಿರುಗಿತು.

ಬರಬರುತ್ತಾ ಮೈಟೋಕಾಂಡ್ರಿಯದ ಒಳಗಿನ ಯಂತ್ರಗಳು ಸವೆದವು, ಶಕ್ತಿಯ ತಯಾರಿಕೆ ಇಳಿಯಿತು. ಹೊಸ ಭಾಗಗಳನ್ನು ತಾನೇ ಮಾಡಿಕೊಳ್ಳೋಣವೆಂದು ಅದು ತನ್ನ ಡಿಎನ್ಎಯನ್ನು ಓದಿ ನೋಡಿತು. ಬೆರಳೆಣಿಕೆಯ ಭಾಗಗಳ ವಿವರವಷ್ಟೇ ಅಲ್ಲಿತ್ತು. “ಉಳಿದ ಬರಹ ಎಲ್ಲಿ?” ಎಂದು ಗಾಬರಿಯಿಂದ ಕೂಗಿತು.

ಕೋಶಕೇಂದ್ರ ಕ್ಷೀಣ ದನಿಯಲ್ಲಿ ಹೇಳಿತು: “ನಿನ್ನ ಪೂರ್ವಜರು ಹೊರಗಿನಿಂದ ಬಂದು ಇಲ್ಲಿ ನೆಲೆಸಿದವರು. ಅವರ ಬರಹದ ಬಹುಪಾಲು ಕಾಲಕ್ರಮದಲ್ಲಿ ನನ್ನಲ್ಲಿಗೆ ಬಂದಿತು. ಅದು ಜೋಪಾನವಾಗಿದೆ. ಆದರೆ ನಿನ್ನ ಶಕ್ತಿಯಿಲ್ಲದೆ ಅದನ್ನು ನಕಲು ಮಾಡಿ ರೈಬೋಸೋಮಿಗೆ ಕೊಡಲು ನನ್ನಿಂದಾಗದು.”

ಮೈಟೋಕಾಂಡ್ರಿಯ ಬಾಗಿಲು ತೆರೆಯಿತು. ರೈಬೋಸೋಮ್ ಹೊರಗೆ ಸೋತು ಬಿದ್ದಿತ್ತು.

“ತಪ್ಪಾಯಿತಣ್ಣ. ಪ್ರೋಟೀನ್ ಕಟ್ಟಿಕೊಡು.”

“ಕೊಡುತ್ತೇನೆ. ಆದರೆ ನನಗೆ ತ್ರಾಣವಿಲ್ಲ. ಮೊದಲು ನೀನು ಶಕ್ತಿ ಕೊಡಬೇಕು.”

ಮೈಟೋಕಾಂಡ್ರಿಯದ ಬಳಿ ಉಳಿದಿದ್ದುದು ತೀರಾ ಸ್ವಲ್ಪ. ಕೊಟ್ಟರೆ ತನಗೇ ಏನೂ ಇರುತ್ತಿರಲಿಲ್ಲ. ಅದು ಕ್ಷಣಕಾಲ ಹಿಂಜರಿಯಿತು. ಆಮೇಲೆ ಇದ್ದುದೆಲ್ಲವನ್ನೂ ಕೋಶಕೇಂದ್ರಕ್ಕೂ ರೈಬೋಸೋಮಿಗೂ ಹಂಚಿ, ಬರಿಗೈಯಲ್ಲಿ ಕಾದು ಕುಳಿತಿತು.

ಸ್ವಲ್ಪ ಹೊತ್ತಿನಲ್ಲೇ ಮೊದಲ ಪ್ರೋಟೀನ್ ಎರಡೂ ಪೊರೆಗಳನ್ನು ದಾಟಿ ಒಳಗೆ ಬಂದಿತು.