ಕಾರ್ಡ್ ಇದ್ದವರ ಮೆರವಣಿಗೆ

ಪಕ್ಷದ ಅಭ್ಯರ್ಥಿಯನ್ನು ಆರಿಸುವ ದಿನ ಊರ ಜನ ಕಚೇರಿಯ ಗೇಟಿಗೆ ಬಂದು ನಿಂತರು.

"ಪ್ರತಿ ಸಲ ನಿಮ್ಮ ಪಕ್ಷಕ್ಕ ಓಟು ಹಾಕೋರು ನಾವು. ಆರಿಸೋದರಾಗೂ ನಮ್ಮದೊಂದು ಮಾತಿರಲಿ."

ಅಧ್ಯಕ್ಷ ಬಸವಂತಗೌಡರು ಕೆರಳಿದರು. "ಇದು ನಮ್ಮ ಮನಿ ಮಾತು. ಸದಸ್ಯರ ಕಾರ್ಡ್ ಇಲ್ಲದವರು ಹೊರಗಿನವರು. ದುರಗಪ್ಪಾ, ಗೇಟು ಹಾಕು!"

ಇಪ್ಪತ್ತು ವರ್ಷ ಆ ಕಚೇರಿಯ ಕಸ ಗುಡಿಸಿದ ಜವಾನ ದುರಗಪ್ಪನಿಗೂ ಕಾರ್ಡ್ ಇರಲಿಲ್ಲ. ಅವನು ಗೇಟು ಹಾಕಿ ಕೀಲಿ ಜಡಿದ. ಒಳಗಿದ್ದ ಹದಿನಾಲ್ಕು ಮಂದಿ, ಅದರಲ್ಲಿ ಬೀಗರೇ ಹೆಚ್ಚು, ಕೈಯೆತ್ತಿ ಗೌಡರನ್ನೇ ಆರಿಸಿದರು.

ನಾಮಪತ್ರ ಸಲ್ಲಿಸುವ ದಿನ ಬಂತು. "ಮೆರವಣಿಗಿಗೆ ಮಂದಿ ಕೂಡಸು," ಎಂದು ಗೌಡರು ದುರಗಪ್ಪನಿಗೆ ಹೇಳಿದರು. ಹಾರ ಹಾಕಿಕೊಂಡು, ಕಚೇರಿಯ ಅಂಗಳದಲ್ಲಿ ಜೀಪು ಹತ್ತಿ ತಿರುಗಿ ನೋಡಿದರೆ ಅದೇ ಹದಿನಾಲ್ಕು ಮಂದಿ. ಡೊಳ್ಳು ಬಾರಿಸುವವರೂ ಇಲ್ಲ.

"ಜನ ಎಲ್ಲೋ?"

"ಗೇಟಿನ ಆಚೆ ನಿಂತಾರ್ರೀ. ಕಾರ್ಡ್ ಕೇಳಿದೆ, ಯಾರ ಹತ್ರಾನೂ ಇಲ್ಲ. ಹೊರಗಿನವರು ಅಂತ ಬಿಡಲಿಲ್ಲ."

"ಏ ಹುಚ್ಚಾ! ಅವರಿಲ್ಲದ ನಾ ಗೆಲ್ಲೂದು ಹೆಂಗೋ?"

"ಅವತ್ತು ಗೇಟಿನ ಮುಂದ ನಿಂತು ಅವರೂ ಅದನ್ನ ಹೇಳಿದ್ರು, ಗೌಡ್ರ."

ಗೌಡರು ಜೀಪಿನಿಂದ ಇಳಿದು, ಕೀಲಿಕೈಗಾಗಿ ದುರಗಪ್ಪನ ಮುಂದೆ ಕೈ ಚಾಚಿದರು.