ಕಣಿವೆಯಲ್ಲಿ ಉಳಿದ ಎತ್ತು

ಬನ್ನಿ, ಒತ್ತೊತ್ತಾಗಿ ಕೂತುಕೊಳ್ಳಿ. ಕಾರೆಗುಡ್ಡ ಅಂತ ಒಂದು ರಾಜ್ಯ ಇತ್ತು. ಆ ರಾಜ್ಯದ ಮೇಲ್ಸೀಮೆಯಲ್ಲಿ ಭರಮವ್ವ ಅನ್ನುವ ಹೆಂಗಸು ಇದ್ದಳು. ಬೀಸುವ ಕಲ್ಲು ಮಾರುವುದು ಅವಳ ಕಸುಬು. ಮೈದುನ ಕಲ್ಲು ಕಡಿದುಕೊಡುತ್ತಿದ್ದ, ಇವಳು ಗಾಡಿಗೆ ಹೇರಿಕೊಂಡು ಊರೂರು ತಿರುಗಿ ಮಾರಿಬರುತ್ತಿದ್ದಳು. ಗಂಡ ತೀರಿಹೋಗಿ ಮೂರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಇದ್ದದ್ದು ಎರಡು ಎತ್ತು. ಕೆಂದು ಬಣ್ಣದ್ದು, ಹಣೆಯ ಮೇಲೆ ಬಿಳಿ ಚುಕ್ಕೆಯದು ಚೆಲುವ. ಬೂದು ಬಣ್ಣದ್ದು ಸೋಮ.

ಚೆಲುವ ಹುಟ್ಟಿದ ವಾರಕ್ಕೇ ತಾಯಿ ಹಸು ಸತ್ತಿತ್ತು. ಭರಮವ್ವನೇ ಅದಕ್ಕೆ ರಾಗಿ ಗಂಜಿಯಲ್ಲಿ ಬೆರಳದ್ದಿ ಚೀಪಿಸಿ ಬದುಕಿಸಿದ್ದಳು. ಅಕ್ಕಪಕ್ಕದವರು ನಗುತ್ತಿದ್ದರು. ನಗಲಿ ಅಂತ ಬಿಟ್ಟಿದ್ದಳು. ಸೋಮ ಬಂದದ್ದು ಆಮೇಲೆ. ಎರಡೂ ಒಂದೇ ಗೋದಲಿಯಲ್ಲಿ ಮೇಯ್ದವು, ಒಂದೇ ನೊಗಕ್ಕೆ ಹೆಗಲು ಕೊಟ್ಟವು. ಒಂದು ಮಲಗಿದರೆ ಇನ್ನೊಂದು ಅದರ ಬೆನ್ನಿಗೆ ಒರಗಿಯೇ ಮಲಗಬೇಕು.

ಮೇಲ್ಸೀಮೆಯಿಂದ ರಾಜಧಾನಿಗೆ ಹೋಗಬೇಕಾದರೆ ಒಂದು ಕಣಿವೆ ಇಳಿಯಬೇಕಿತ್ತು. ಏಳು ತಿರುವಿನ ದಾರಿ. ಗಾಡಿಗಳು ಅಲ್ಲಿ ಆಗಾಗ ಜಾರುತ್ತಿದ್ದವು, ಉರುಳುತ್ತಿದ್ದವು. ಉರುಳಿದ ಗಾಡಿ ಎಳೆದು ಮೇಲಕ್ಕೆ ತರುವುದಕ್ಕೆ ಅಲ್ಲೊಬ್ಬ ಇದ್ದ, ಚೌಡಪ್ಪ ಅಂತ. ತೋಳಿನಷ್ಟು ದಪ್ಪದ ಹಗ್ಗ, ಬಲವಾದ ಎತ್ತು, ಇಬ್ಬರು ಆಳು, ಮುಳ್ಳುಬೇಲಿ ಹಾಕಿದ ಒಂದು ದೊಡ್ಡಿ, ಎಲ್ಲ ಇಟ್ಟುಕೊಂಡಿದ್ದ. ಬೇರೆಯವರು ಯಾರಾದರೂ ಗಾಡಿ ಎಳೆಯಲು ಬಂದರೆ ಆಳುಗಳು ಅವರನ್ನು ಓಡಿಸುತ್ತಿದ್ದರು.

ಒಂದು ದಿನ ಭರಮವ್ವ ಕಲ್ಲು ಹೇರಿಕೊಂಡು ಕಣಿವೆ ಇಳಿಯುತ್ತಿದ್ದಳು. ನಾಲ್ಕನೇ ತಿರುವಿನಲ್ಲಿ ಚಕ್ರವನ್ನು ಒತ್ತಿಹಿಡಿಯುವ ಮರದ ತುಂಡು ಮುರಿಯಿತು. ಭಾರದ ಗಾಡಿ ಎತ್ತುಗಳನ್ನೇ ನೂಕಿಕೊಂಡು ಓಡಿತು, ಅಂಚಿನ ಬಂಡೆಗೆ ಬಡಿಯಿತು, ಪಕ್ಕದ ಕೊರಕಲಿಗೆ ಉರುಳಿತು. ಭರಮವ್ವನ ಮೊಣಕೈ ತರಚಿಹೋಗಿತ್ತು. ಅದನ್ನು ನೋಡಿಕೊಳ್ಳದೆ ಮೊದಲು ಎತ್ತುಗಳ ಕೊರಳ ಹಗ್ಗ ಕತ್ತರಿಸಿ ಬಿಡಿಸಿದಳು. ದೇವರ ದಯೆ, ಎರಡೂ ಎದ್ದು ನಿಂತವು.

ಅಷ್ಟರಲ್ಲಿ ಚೌಡಪ್ಪನ ಆಳುಗಳು ಬಂದೇಬಿಟ್ಟರು. ಗಾಬರಿಯಾಗಬೇಡ ತಾಯಿ, ನಾವಿದ್ದೇವೆ ಅಂದರು. ಎಷ್ಟಾಗುತ್ತೆ ಅಂತ ಅವಳು ಕೇಳಿದಳು. ಅದನ್ನೆಲ್ಲ ಆಮೇಲೆ ನೋಡೋಣ ಅಂದರು. ಹಗ್ಗ ಬಿಗಿದರು, ಎಳೆದರು, ಗಾಡಿ ಮೇಲೆ ಬಂತು. ಆದರೆ ಅದನ್ನು ದಾರಿಯಲ್ಲಿ ನಿಲ್ಲಿಸಲಿಲ್ಲ. ಸೀದಾ ದೊಡ್ಡಿಯೊಳಗೆ ತಳ್ಳಿ ಅಗುಳಿ ಹಾಕಿದರು.

ಚೌಡಪ್ಪ ಎಲೆ ಅಡಿಕೆ ಜಗಿಯುತ್ತಾ ಬಂದು ಎಂಟು ವರಹ ಕೇಳಿದ. ಆ ಕಾಲಕ್ಕೆ ಎಂಟು ವರಹಕ್ಕೆ ಒಳ್ಳೆಯ ಎತ್ತೇ ಬರುತ್ತಿತ್ತು. ಭರಮವ್ವನ ಸೆರಗಿನ ಗಂಟಿನಲ್ಲಿ ಇದ್ದದ್ದು ಎರಡು. ಅವಳು ಬೇಡಿಕೊಂಡಳು. ಅವನು ಎರಡು ವರಹ ತೆಗೆದುಕೊಂಡ, ಎತ್ತುಗಳ ಸುತ್ತ ಒಂದು ಸುತ್ತು ಬಂದ, ಚೆಲುವನ ಮೂಗುದಾರ ಹಿಡಿದ.

"ಉಳಿದ ಆರು ತಂದುಕೊಡು, ಇದನ್ನು ಹೊಡಕೊಂಡು ಹೋಗು. ಅಲ್ಲಿವರೆಗೂ ಇಲ್ಲೇ ಇರುತ್ತೆ" ಅಂದ. ಗಾಡಿಯನ್ನು ಮಾತ್ರ ದೊಡ್ಡಿಯಿಂದ ಹೊರಗೆ ಬಿಟ್ಟ.

ಆ ಹೊತ್ತಿಗೆ ಬೆಲ್ಲದ ಗಾಡಿಯ ಇಮಾಂಸಾಬ ಆ ದಾರಿಯಲ್ಲಿ ಮೇಲ್ಸೀಮೆಗೆ ಹೊರಟಿದ್ದ. ಹೆಂಗಸಿನ ಪಾಡು ನೋಡಿ ಗಾಡಿ ನಿಲ್ಲಿಸಿದ. ತನ್ನ ಗಾಡಿಯ ಹಿಂದೆ ಕಟ್ಟಿಕೊಂಡಿದ್ದ ಮುದಿ ಎತ್ತನ್ನು ಬಿಚ್ಚಿ ಸೋಮನ ಜೊತೆಗೆ ನೊಗಕ್ಕೆ ಹಾಕಿ, ಅವಳ ಊರಿನವರೆಗೂ ಜೊತೆಗೆ ಬಂದು ಬಿಟ್ಟುಹೋದ. ಏನು ಕೊಡಲಣ್ಣ ಅಂದರೆ, ಒಂದು ತಂಬಿಗೆ ನೀರು ಕೊಡು ತಂಗಿ ಅಂದ.

ಮನೆಗೆ ಬಂದ ಮೇಲೆ ಸೋಮ ಗೋದಲಿಯ ತನ್ನ ಅರ್ಧದಲ್ಲಿ ಮಾತ್ರ ಮೇಯ್ದಿತು. ಚೆಲುವನ ಅರ್ಧದಲ್ಲಿ ಹಾಕಿದ ಹುಲ್ಲು ಹಾಗೆಯೇ ಉಳಿಯಿತು. ಸಂಜೆಯಾದರೆ ಕಣಿವೆಯ ದಿಕ್ಕಿಗೆ ಮುಖ ಮಾಡಿ ನಿಂತುಬಿಡುತ್ತಿತ್ತು. ಭರಮವ್ವ ಅದರ ಪಕ್ಕಕ್ಕೆ ಹೋಗಿ ನಿಲ್ಲುತ್ತಿದ್ದಳು. ಇಬ್ಬರೂ ಒಂದೇ ಕಡೆ ನೋಡುತ್ತಿದ್ದರು. ಏನೂ ಕಾಣುತ್ತಿರಲಿಲ್ಲ, ಗುಡ್ಡದ ಬೆನ್ನು ಮಾತ್ರ.

ಒಂಟಿ ಎತ್ತಿಗೆ ಗಾಡಿ ಕಟ್ಟುವಂತಿಲ್ಲ. ಅವಳು ಒಂದೊಂದೇ ಸಣ್ಣ ಕಲ್ಲು ತಲೆಯ ಮೇಲೆ ಹೊತ್ತು ಹತ್ತಿರದ ಊರುಗಳಲ್ಲಿ ಮಾರಿದಳು. ಕತ್ತು ಇಳಿದುಹೋಗುವಷ್ಟು ನೋವು. ಮೂರು ತಿಂಗಳು ಹೊತ್ತು ಆರು ವರಹ ಕೂಡಿಸಿಕೊಂಡು ಕಣಿವೆಗೆ ನಡೆದಳು. ಅವಳ ಹೆಜ್ಜೆ ಸಪ್ಪಳಕ್ಕೇ ಚೆಲುವ ಹಗ್ಗ ಜಗ್ಗಿಕೊಂಡು ಬೇಲಿಯವರೆಗೂ ಓಡಿಬಂತು. ಚೌಡಪ್ಪ ಆರು ವರಹ ಎಣಿಸಿಕೊಂಡ. ಆಮೇಲೆ, ಇದು ಎಳೆದದ್ದಕ್ಕಾಯಿತು, ಮೂರು ತಿಂಗಳು ನನ್ನ ದೊಡ್ಡಿಯಲ್ಲಿ ನಿಂತಿದೆಯಲ್ಲ, ಅದಕ್ಕೆ ಮೂರು ಅಂದ.

ಅವಳು ವಾಪಸು ಬಂದು ಮತ್ತೆ ಕಲ್ಲು ಹೊತ್ತಳು. ಮೂರು ವರಹ ತೆಗೆದುಕೊಂಡು ಎರಡನೇ ಸಲ ಹೋದಳು. ಈ ಸಲ ಚೆಲುವ ಓಡಿಬರಲಿಲ್ಲ. ನಿಂತಲ್ಲಿಂದಲೇ ಕತ್ತೆತ್ತಿ ಒಮ್ಮೆ ಕೂಗಿತು. ಚೌಡಪ್ಪ ಮೂರನ್ನೂ ಇಸಿದುಕೊಂಡು, ಗಾಳಿ ತಿಂದು ಬದುಕಿತಾ ನಿನ್ನ ಎತ್ತು, ಮೇವಿನ ಬಾಬ್ತು ಇದೆ ಅಂದ. ಒಂದು ಹಿಡಿ ಹುಲ್ಲಾದರೂ ನನ್ನ ಕೈಯಿಂದ ತಿನ್ನಿಸುತ್ತೇನೆ ಅಂತ ಕೇಳಿದಳು. ಅದಕ್ಕೂ ಅವನು ಒಳಗೆ ಬಿಡಲಿಲ್ಲ.

ಮೂರನೇ ಸಲ ಹೋದಾಗ ಬೇಸಿಗೆ ಬಂದಿತ್ತು. ಮೇವಿನ ಬಾಬ್ತು ಕೊಟ್ಟಳು. ಇನ್ನು ಕಾವಲಿಂದು ಉಳಿದಿದೆ ಅಂತ ಚೌಡಪ್ಪ ಅಂದ. ಅವಳು ಅವನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಬೇಲಿ ಹಿಡಿದು ಚೆಲುವನನ್ನೇ ನೋಡುತ್ತಿದ್ದಳು. ಅದು ತಲೆ ತಗ್ಗಿಸಿಕೊಂಡು ಅತ್ತ ಮುಖ ಮಾಡಿ ನಿಂತಿತ್ತು. "ಚೆಲುವಾ" ಅಂತ ಮೆಲ್ಲಗೆ ಕರೆದಳು. ಒಂದು ಕಿವಿ ಅಲುಗಿತು, ಅಷ್ಟೇ. ಆಗ ಅವಳಿಗೆ ಅದರ ಹೆಗಲು ಕಾಣಿಸಿತು. ಚರ್ಮ ಕಿತ್ತು ಕೆಂಪಗೆ ಹಸಿಯಾಗಿತ್ತು. ಕಟ್ಟಿಹಾಕಿದ ಎತ್ತಿಗೆ ನೊಗದ ಗಾಯ ಎಲ್ಲಿಂದ ಬರಬೇಕು?

ಅವಳು ಅಲ್ಲಿಂದ ಹೊರಟಳು. ಮೇಲೆ ಬಂದು ಎರಡನೇ ತಿರುವಿನ ನೀರಿನ ಹೊಂಡದ ಹತ್ತಿರ ಕೂತಳು. ನೀರಿಗೆ ನಿಂತ ಗಾಡಿಯವರನ್ನೆಲ್ಲ ವಿಚಾರಿಸಿದಳು. ಹೌದು, ನನ್ನ ಗಾಡಿ ಬಿದ್ದಾಗ ಹಣೆಚುಕ್ಕೆಯ ಕೆಂದೆತ್ತೇ ಎಳೆದದ್ದು ಅಂತ ಒಬ್ಬ ಎಣ್ಣೆ ಗಾಡಿಯವನು ಅಂದ. ನನ್ನದನ್ನೂ ಅದೇ ಅಂತ ಹತ್ತಿಯ ಗಾಡಿಯವನು ಅಂದ. ಮೂರನೆಯವನು ಇಮಾಂಸಾಬ. ಹೋದ ತಿಂಗಳು ಅವನ ಬೆಲ್ಲದ ಗಾಡಿಯೂ ಉರುಳಿತ್ತು.

"ನಿನ್ನ ಎತ್ತು ಅಂತ ನನಗೆ ಗುರುತು ಸಿಕ್ಕಿತು ತಂಗಿ. ಅದು ನನ್ನ ಗಾಡಿ ಎಳೀತಿದ್ರೆ ನಾನು ಕಣ್ಣು ಮುಚ್ಚಿಕೊಂಡು ನಿಂತಿದ್ದೆ" ಅಂದ.

ಮೂವರನ್ನೂ ಕರೆದುಕೊಂಡು ಭರಮವ್ವ ರಾಜಧಾನಿಗೆ ಹೋದಳು. ದೊರೆಯ ಮುಂದೆ ನಿಂತಳು. ದೊರೆ ಕೆಟ್ಟವನಲ್ಲ. ಆದರೆ ಪಲ್ಲಕ್ಕಿಯಲ್ಲಿ ಓಡಾಡುವವನು, ಗಾಡಿ ಬಿದ್ದವರ ಸಂಕಟ ಅವನಿಗೆ ಗೊತ್ತಿರಲಿಲ್ಲ. ಎಲ್ಲ ಕೇಳಿಸಿಕೊಂಡು, ಕೆಲಸ ಮಾಡುವವನು ತನ್ನ ಕೆಲಸಕ್ಕೆ ಇಷ್ಟು ಅಂತ ಕೇಳುತ್ತಾನೆ, ಅದಕ್ಕೆ ನಾನು ಕೈ ಹಾಕುವುದು ಹೇಗಮ್ಮ ಅಂದ.

ಕೈ ಹಾಕಬೇಡಿ ಬುದ್ಧಿ, ಅವನನ್ನು ಕರೆಸಿ, ನನ್ನದು ಮೂರು ಮಾತು ಕೇಳೋದಿದೆ ಅಂದಳು.

ಚೌಡಪ್ಪ ಜರಿ ರುಮಾಲು ಸುತ್ತಿಕೊಂಡು ಬಂದ. ಭರಮವ್ವ ಮೊದಲನೇ ಮಾತು ಕೇಳಿದಳು: ಕಣಿವೆಯಲ್ಲಿ ಬಿದ್ದ ಒಂದು ಗಾಡಿ ಎಳೆದರೆ ಎಷ್ಟು? ಎಂಟು ವರಹ ಅಂದ ಅವನು, ಎದೆ ಸೆಟೆದು. ಎರಡನೇ ಮಾತು ಕೇಳಿದಳು: ಆ ಎಂಟು ವರಹ ಯಾತಕ್ಕೆ, ಹಗ್ಗಕ್ಕೋ ಎತ್ತಿನ ಬಲಕ್ಕೋ? ಹಗ್ಗ ಸಂತೆಯಲ್ಲಿ ಸಿಗುತ್ತೆ, ಬಲ ಸಿಗುತ್ತಾ, ಎಲ್ಲ ಎತ್ತಿನ ಬಲಕ್ಕೇ ಅಂದ. ಆಮೇಲೆ ಮೂರನೇ ಮಾತು ಕೇಳಿದಳು.

"ಹಾಗಾದರೆ ನನ್ನ ಚೆಲುವ ಈ ಒಂಬತ್ತು ತಿಂಗಳಲ್ಲಿ ಎಷ್ಟು ಗಾಡಿ ಎಳೆದ, ಹೇಳಪ್ಪ."

ಕಟ್ಟಿಹಾಕಿದ್ದೆ, ಎಳೆಸಲಿಲ್ಲ ಅನ್ನಲು ಚೌಡಪ್ಪ ಬಾಯಿ ತೆರೆದ. ಮೂವರು ಗಾಡಿಯವರು ಮುಂದೆ ಬಂದು ನಿಂತರು. ದೊರೆ ಅವನ ಆಳುಗಳನ್ನು ಬೇರೆ ಬೇರೆಯಾಗಿ ಕರೆಸಿ ಕೇಳಿದ. ಇಬ್ಬರೂ ನಲವತ್ತು ಗಾಡಿ ಅಂದರು.

ಒಂದು ನೊಗಕ್ಕೆ ಎರಡೆತ್ತು, ಒಂದು ನನ್ನದು, ಅವನ ದರದಲ್ಲೇ ನನಗೆ ಅರ್ಧ ಕೊಡಿಸಿ, ಅಷ್ಟೇ ಸಾಕು ಅಂತ ಭರಮವ್ವ ಕೈಮುಗಿದಳು.

ಚೌಡಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ, ನೂರ ಅರವತ್ತು ವರಹ. ಮನೆ, ದೊಡ್ಡಿ, ಎತ್ತು ಎಲ್ಲ ಮಾರಿದರೂ ಸಾಲದು. ರುಮಾಲಿನೊಳಗೆ ಬೆವರಿದ. ಸ್ವಾಮಿ, ಒಂದು ಗಾಡಿ ಎಳೆಯುವುದು ಅರ್ಧ ಗಳಿಗೆಯ ಕೆಲಸ, ಅದಕ್ಕೆ ಎಂಟು ವರಹ ಎಲ್ಲಾದರೂ ಉಂಟೇ ಅಂತ ತಾನೇ ಅಂದುಬಿಟ್ಟ. ಹಾಗಾದರೆ ಸರಿಯಾದ ಕೂಲಿ ಎಷ್ಟು ಅಂತ ದೊರೆ ಕೇಳಿದ.

"ಎತ್ತಿಗೆ, ಆಳಿಗೆ, ಹಗ್ಗಕ್ಕೆ ಎಲ್ಲ ಸೇರಿ ನಾಲ್ಕು ಹಣ ಸ್ವಾಮಿ. ನಾಲ್ಕು ಹಣ ಧಾರಾಳ ಆಯಿತು."

"ಧಾರಾಳ ಆಯಿತೋ?"

"ಆಯಿತು ಸ್ವಾಮಿ."

ನೋಡಿ, ಒಂದು ವರಹಕ್ಕೆ ಹತ್ತು ಹಣ. ಒಂದು ವರಹದ ಅರ್ಧವೂ ಆಗಲಿಲ್ಲ ಅವನ ಬಾಯಿಂದಲೇ ಬಂದ ದರ. ದೊರೆ ಎದ್ದು ನಿಂತ. ಇಂದಿನಿಂದ ಕಣಿವೆಯಲ್ಲಿ ಗಾಡಿ ಎಳೆಯುವ ಕೂಲಿ ನಾಲ್ಕು ಹಣ, ಅದಕ್ಕಿಂತ ಒಂದು ಕಾಸೂ ಹೆಚ್ಚಿಗೆ ಕೇಳಕೂಡದು ಅಂದ. ಹಗ್ಗ ಬಿಗಿಯುವ ಮೊದಲೇ ಕೂಲಿ ಎಷ್ಟೆಂದು ಹೇಳಬೇಕು. ಬಿದ್ದವರ ಗಾಡಿಯನ್ನಾಗಲಿ ಎತ್ತನ್ನಾಗಲಿ ಹಿಡಿದಿಟ್ಟುಕೊಳ್ಳಕೂಡದು. ಇಷ್ಟನ್ನೂ ಕಲ್ಲಿನಲ್ಲಿ ಕೆತ್ತಿಸಿ ಕಣಿವೆಯ ಬಾಯಲ್ಲಿ ನಿಲ್ಲಿಸಿದರು. ಚೌಡಪ್ಪ ಭರಮವ್ವನಿಂದ ಕಿತ್ತುಕೊಂಡದ್ದನ್ನು, ಚೆಲುವನ ಪಾಲಿನ ದುಡಿಮೆಯನ್ನು, ಸಾಕ್ಷಿಗೆ ಬಂದ ಮೂವರು ಗಾಡಿಯವರಿಂದ ಹೆಚ್ಚಿಗೆ ಇಸಿದುಕೊಂಡದ್ದನ್ನು ಎಲ್ಲ ತಿರುಗಿ ಕೊಟ್ಟ. ಆಮೇಲೂ ಅವನು ಅದೇ ಕಣಿವೆಯಲ್ಲಿ ಅದೇ ಕೆಲಸ ಮಾಡಿಕೊಂಡಿದ್ದ, ನಾಲ್ಕು ಹಣಕ್ಕೆ. ಹೊಟ್ಟೆಗೇನೂ ಕಡಿಮೆಯಾಗಲಿಲ್ಲ.

ತೀರ್ಪಾದ ಮೇಲೆ ಭರಮವ್ವ ಕಣಿವೆಗೆ ಬಂದು, ಹಣದ ಗಂಟನ್ನು ಇಮಾಂಸಾಬನ ಕೈಗೆ ಕೊಟ್ಟು ತಾನು ದೊಡ್ಡಿಯೊಳಗೆ ಹೋದಳು. ಚೆಲುವ ಅವಳನ್ನು ನೋಡಿ ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು. ಮನುಷ್ಯರು ಹತ್ತಿರ ಬಂದರೆ ನೊಗ ಹಾಕಲಿಕ್ಕೇ ಅಂತ ಅದಕ್ಕೆ ರೂಢಿಯಾಗಿಹೋಗಿತ್ತು. ಅವಳು ಹತ್ತಿರ ಹೋಗಲಿಲ್ಲ. ಅಲ್ಲೇ ಮಣ್ಣಲ್ಲಿ ಕೂತಳು. ಬಿಸಿಲು ಬಾಗುವವರೆಗೂ ಕೂತಳು. ಕೊನೆಗೆ ಅದೇ ಮೆಲ್ಲಗೆ ಬಂದು ಅವಳ ಭುಜಕ್ಕೆ ಮೂತಿ ಒತ್ತಿತು. ಆಗ ಅತ್ತಳು ನೋಡಿ, ಒಂಬತ್ತು ತಿಂಗಳಲ್ಲಿ ಮೊದಲ ಸಲ.

ಮಾರನೆಯ ದಿನ ಊರು ಸೇರಿದಾಗ ಸೋಮ ಎಂದಿನಂತೆ ಕಣಿವೆಯ ಕಡೆ ಮುಖ ಮಾಡಿ ನಿಂತಿತ್ತು. ಪಕ್ಕೆಲುಬು ಎಣಿಸುವ ಹಾಗೆ ಬಡವಾಗಿತ್ತು. ಚೆಲುವನ ಮೈಯಲ್ಲಿ ಬೇರೆ ದೊಡ್ಡಿಯ ವಾಸನೆ. ಸೋಮ ಮೂಸಿತು, ಅನುಮಾನಪಟ್ಟಿತು, ಮತ್ತೆ ಮೂಸಿತು. ಆಮೇಲೆ ಹೆಗಲಿನ ಗಾಯವನ್ನು ನೆಕ್ಕತೊಡಗಿತು. ನೆಕ್ಕುತ್ತಲೇ ಇತ್ತು.

ದೊರೆ ಎಲ್ಲವನ್ನೂ ತಿರುಗಿ ಕೊಡಿಸಿದ. ಆ ಒಂಬತ್ತು ತಿಂಗಳನ್ನು ಕೊಡಿಸಲು ಅವನಿಂದಲೂ ಆಗಲಿಲ್ಲ.

ಅದಕ್ಕೇ ಹೇಳುವುದು ಮಕ್ಕಳೇ, ಬಿದ್ದವರನ್ನು ಎತ್ತಿದರೆ ಕೂಲಿ ಕೇಳಿ, ತಪ್ಪಿಲ್ಲ. ಅವರು ಬಿದ್ದಿದ್ದಾರೆ ಅನ್ನುವುದಕ್ಕೇ ಬೆಲೆ ಕೇಳಬೇಡಿ. ಹಾಗೆ ಕೇಳುವವನಿಗೆ ಒಂದು ಕಟ್ಟುಪಾಡು ಬೇಕು, ಆ ಕಟ್ಟುಪಾಡು ಎಲ್ಲರಿಗೂ ಕಾಣುವ ಕಡೆ ಇರಬೇಕು. ಭರಮವ್ವನ ಕಥೆ ಇಷ್ಟೇ. ಇನ್ನು ಏಳಿ, ನಿಮ್ಮ ಅವ್ವಂದಿರು ಕಾಯುತ್ತಿರುತ್ತಾರೆ.